ವರದಿ ಮುಗಿದ ಮೇಲೆ ಉಳಿಯುವ ಕೆಲಸ

ನೀತಿ ಸಂಶೋಧನೆಯ ಮೇಜು ಬಿಟ್ಟು ಓಣಿ, ಕೇರಿ, ವಾರ್ಡ್ ಕಚೇರಿಗಳ ಕಡೆ ನಡೆದವರು ಎಲ್ಲ ಕಾಲದಲ್ಲೂ ಇದ್ದಾರೆ. ಅವರಿಂದ ಊರಿಗೇನು ಲಾಭ? ಅವರು ಕಲಿಯಬೇಕಾದದ್ದೇನು?

ಬೆಳಿಗ್ಗೆ ಆರೂವರೆ. ಬೆಂಗಳೂರಿನ ಹಳೆಯ ಬಡಾವಣೆಯೊಂದರ ತಿರುವು. ವಿದ್ಯುತ್ ಕಂಬದ ಬುಡದಲ್ಲಿ ರಾತ್ರಿ ಎಸೆದುಹೋದ ಪ್ಲಾಸ್ಟಿಕ್ ಚೀಲಗಳ ರಾಶಿ. ನಾಯಿಗಳು ಒಂದೆರಡನ್ನು ಹರಿದು ಅನ್ನ, ಮೊಟ್ಟೆಸಿಪ್ಪೆ, ಡೈಪರ್‌ಗಳನ್ನು ರಸ್ತೆಯ ನಡುವಿಗೆ ಎಳೆದಿವೆ. ಪೌರಕಾರ್ಮಿಕ ಮಹಿಳೆಯೊಬ್ಬರು ಬಗ್ಗಿ ಗುಡಿಸುತ್ತಿದ್ದಾರೆ. ಕಸದ ಆಟೊ ಇನ್ನೂ ಬಂದಿಲ್ಲ. ಪಕ್ಕದಲ್ಲಿ ಕೈಗವಸು ತೊಟ್ಟ ಇನ್ನೊಬ್ಬರು ಚೀಲಗಳನ್ನು ಬೇರ್ಪಡಿಸುತ್ತಾ, ನಡುನಡುವೆ ಸಣ್ಣ ನೋಟ್‌ಬುಕ್‌ನಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದಾರೆ. ಹಾಲಿನ ಅಂಗಡಿಯವರು ಶಟರ್ ಎತ್ತುತ್ತಾ ಕೇಳುತ್ತಾರೆ: ‘ಇವತ್ತೂ ಬಂದ್ರಾ ಮೇಡಂ?’

ಹೀಗೆ ಬೆಳ್ಳಂಬೆಳಿಗ್ಗೆ ಬೀದಿಗಿಳಿಯುವವರಲ್ಲಿ ಗೃಹಿಣಿಯರಿದ್ದಾರೆ, ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಸಾಫ್ಟ್‌ವೇರ್ ಉದ್ಯೋಗಿಗಳಿದ್ದಾರೆ. ಅವರ ನಡುವೆ ಆಗಾಗ ಇನ್ನೊಂದು ಬಗೆಯವರೂ ಸಿಗುತ್ತಾರೆ. ಸರ್ಕಾರದ ಯೋಜನೆಗಳು ಹೇಗಿರಬೇಕು, ಹಣ ಎಲ್ಲಿಗೆ ಹೋಗಬೇಕು ಎಂದು ಲೆಕ್ಕ ಹಾಕಿ ವರದಿ ಬರೆಯುತ್ತಿದ್ದವರು ಇವರು. ಒಂದು ಹಂತದಲ್ಲಿ ಆ ಕೆಲಸವನ್ನು ಪೂರ್ತಿಯಾಗಿಯೋ ಭಾಗಶಃವೋ ಬಿಟ್ಟು, ತಾವು ವಾಸಿಸುವ ನೆರೆಹೊರೆಯನ್ನೇ ಕಾರ್ಯಕ್ಷೇತ್ರ ಮಾಡಿಕೊಂಡವರು. ಹೊರಗಿನಿಂದ ನೋಡಿದವರಿಗೆ ಇದು ದೊಡ್ಡ ಕೆಲಸ ಬಿಟ್ಟು ಸಣ್ಣದಕ್ಕೆ ಇಳಿದಂತೆ ಕಾಣುತ್ತದೆ. ಈ ಎಣಿಕೆ ಸರಿಯೇ ಎಂಬುದನ್ನು ನೋಡಬೇಕಾಗಿದೆ.

ನೀತಿ ಸಂಶೋಧಕರು ಮಾಡುವುದೇನು?

ಒಂದು ಯೋಜನೆ ಜಾರಿಯಾದಾಗ ಅದು ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ, ಖರ್ಚಿಗೆ ತಕ್ಕ ಫಲ ಸಿಕ್ಕಿತೇ ಎಂದು ಯಾರಾದರೂ ಅಳೆಯಬೇಕು. ಆ ಅಳತೆಯ ಕೆಲಸವೇ ನೀತಿ ಸಂಶೋಧನೆ. ಮನೆಮನೆ ಸಮೀಕ್ಷೆ, ಜನಗಣತಿಯ ಅಂಕಿಅಂಶ, ಬಜೆಟ್ ದಾಖಲೆ, ಕಾನೂನುಗಳ ಓದು ಇದರ ಸಲಕರಣೆಗಳು. ಕೊನೆಗೊಂದು ವರದಿ, ಅದರ ತುದಿಯಲ್ಲಿ ಶಿಫಾರಸುಗಳು.

ಇಂಥ ಕೆಲಸಕ್ಕೆ ಬೆಂಗಳೂರು ದೇಶದ ದೊಡ್ಡ ಕೇಂದ್ರಗಳಲ್ಲೊಂದು. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಜನರ ನಾಲಿಗೆಯಲ್ಲಿ ‘ಐಸೆಕ್’, ನಾಗರಬಾವಿಯಲ್ಲಿದೆ. 1994ರಲ್ಲಿ ಸ್ಯಾಮುಯೆಲ್ ಪಾಲ್ ಪಬ್ಲಿಕ್ ಅಫೇರ್ಸ್ ಸೆಂಟರ್ ಆರಂಭಿಸಿದರು. ನಂತರದ ವರ್ಷಗಳಲ್ಲಿ ವಿಶ್ವವಿದ್ಯಾಲಯಗಳ ನೀತಿ ವಿಭಾಗಗಳೂ ಹಲವು ಅಧ್ಯಯನ ಕೇಂದ್ರಗಳೂ ಬಂದವು. ಪ್ರತಿ ವರ್ಷ ನೂರಾರು ಯುವಕ ಯುವತಿಯರು ಈ ವೃತ್ತಿಗೆ ಸೇರುತ್ತಾರೆ.

ವೃತ್ತಿಯ ಬೆಲೆ ದೊಡ್ಡದು. ಅಳತೆಯಿಲ್ಲದ ಆಡಳಿತ ಕತ್ತಲಲ್ಲಿ ತಡವರಿಸುತ್ತದೆ. ಆದರೆ ವರದಿಗೆ ಒಂದು ಮಿತಿಯಿದೆ. ಅದಕ್ಕೆ ಕೊನೆಯ ಪುಟವಿರುತ್ತದೆ, ಬಿಡುಗಡೆಯ ದಿನಾಂಕವಿರುತ್ತದೆ, ಆಮೇಲೆ ಸಂಶೋಧಕರು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಶಿಫಾರಸು ಜಾರಿಯಾಯಿತೇ ಎಂದು ಅದೇ ಬೀದಿಯಲ್ಲಿ ವರ್ಷಗಟ್ಟಲೆ ಬೆನ್ನು ಹತ್ತುವುದು ಯಾರ ಕೆಲಸವೂ ಆಗಿರುವುದಿಲ್ಲ.

ಗೊತ್ತಿದ್ದೂ ಆಗದ ಕೆಲಸ

ಬೆಂಗಳೂರಿನ ಕಸದ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂಬ ಮಾತು ಕೇಂದ್ರದ ನಗರ ಘನತ್ಯಾಜ್ಯ ನಿಯಮಗಳಲ್ಲಿ 2000ನೇ ಇಸವಿಯಲ್ಲೇ ಬಂದಿತ್ತು. ಹಾಗಿದ್ದರೂ ನಗರದ ಕಸ ಒಟ್ಟಾಗಿಯೇ ಲಾರಿ ಹತ್ತಿ ಮಾವಳ್ಳಿಪುರ, ಮಂಡೂರುಗಳಿಗೆ ಹೋಗುತ್ತಿತ್ತು. ಅಲ್ಲಿನ ಬಾವಿಯ ನೀರು ಕೆಟ್ಟಿತು, ನೊಣ ಮತ್ತು ದುರ್ನಾತದಲ್ಲಿ ಹಳ್ಳಿಗಳು ನರಳಿದವು. 2012ರಲ್ಲಿ ಜನರ ಪ್ರತಿಭಟನೆಯಿಂದ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆಯಾಯಿತು.

ಆಗಲೂ ಏನು ಮಾಡಬೇಕೆಂಬುದು ಗುಟ್ಟಾಗಿರಲಿಲ್ಲ. ಹಸಿ ಕಸ ಬೇರೆ, ಒಣ ಕಸ ಬೇರೆ, ಹಸಿಯದು ಗೊಬ್ಬರಕ್ಕೆ, ಒಣದ್ದು ಮರುಬಳಕೆಗೆ. ಕೊರತೆಯಿದ್ದದ್ದು ಇದನ್ನು ಪ್ರತಿ ರಸ್ತೆಯಲ್ಲಿ, ಪ್ರತಿ ದಿನ ಆಗುವಂತೆ ನೋಡಿಕೊಳ್ಳುವ ಕೈಗಳದ್ದು. ಕೆಲವು ಬಡಾವಣೆಗಳಲ್ಲಿ ಸ್ವಯಂಸೇವಕರು ಬಾಗಿಲು ಬಾಗಿಲಿಗೆ ಹೋಗಿ ತೋರಿಸಿಕೊಟ್ಟರು. ಅವರ ಅನುಭವ ಹೈಕೋರ್ಟ್ ತನಕ ತಲುಪಿತು. 2015ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಗೆ ಆದೇಶಿಸಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಮತ್ತು ಅಪಾಯಕಾರಿ ಕಸ, ಚೀಲಕ್ಕೆ ಒಣ ಕಸ. ಇತ್ತ ಚಿಂದಿ ಆಯುವವರ ಜೊತೆ ನಿಂತ ‘ಹಸಿರು ದಳ’ದಂಥ ಸಂಘಟನೆಗಳ ದುಡಿಮೆಯಿಂದ 2011ರಿಂದ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿತು. ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸುವ ಹೊಣೆಯೂ ಅವರಲ್ಲಿ ಅನೇಕರಿಗೆ ಬಂತು.

ನಿಯಮ ಬಂದಾಗಿನಿಂದ ಆದೇಶದವರೆಗೆ ಹದಿನೈದು ವರ್ಷ. ನಡುವಿನ ಕಂದಕ ತುಂಬಿದ್ದು ಮತ್ತೊಂದು ವರದಿಯಿಂದಲ್ಲ.

ಸರಾಸರಿಯ ಹಿಂದೆ ಅಡಗಿದವರು

ಬೀದಿಗೆ ಬಂದ ಸಂಶೋಧಕರಿಗೆ ಮೊದಲು ಎದುರಾಗುವುದು ತಮ್ಮದೇ ತೀರ್ಮಾನಗಳು. ರಸ್ತೆಬದಿಗೆ ಕಸ ಎಸೆಯುವುದಕ್ಕೆ ವರದಿಗಳು ಸಾಮಾನ್ಯವಾಗಿ ಕೊಡುವ ಕಾರಣ ‘ಅರಿವಿನ ಕೊರತೆ’. ತಿರುವಿನಲ್ಲಿ ಕೆಲವು ವಾರ ನಿಂತು ನೋಡಿದರೆ ಬೇರೆ ಕಾರಣ ಕಣ್ಣಿಗೆ ಬೀಳುತ್ತದೆ. ಆಟೊ ಬರುವುದು ಏಳೂವರೆಗೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಅಷ್ಟು ಹೊತ್ತಿಗೆ ಬಸ್ ಸ್ಟಾಪಿನಲ್ಲಿರುತ್ತಾರೆ. ಪಿ.ಜಿ.ಯಲ್ಲಿರುವ ರಾತ್ರಿ ಪಾಳಿಯ ಹುಡುಗರು ನಿದ್ದೆಯಲ್ಲಿರುತ್ತಾರೆ. ಒಂದೇ ಕೋಣೆಯ ಮನೆಯಲ್ಲಿ ಎರಡು ದಿನ ಕಸ ಇಟ್ಟುಕೊಳ್ಳಲು ಜಾಗವಿಲ್ಲ. ಹಾಗಾಗಿ ರಾತ್ರಿ ಕಂಬದ ಬುಡವೇ ಗತಿ. ಇಲ್ಲಿ ಬೇಕಾಗಿರುವುದು ಅರಿವಿನ ಭಿತ್ತಿಪತ್ರಕ್ಕಿಂತ ಸಂಜೆಯ ಇನ್ನೊಂದು ಆಟೊ.

ಪಡಿತರ ಅಂಗಡಿಯ ಸಾಲಿನಲ್ಲೂ ಇದೇ ಪಾಠ. ಮೂವತ್ತು ವರ್ಷ ಮನೆಮನೆಯಲ್ಲಿ ಪಾತ್ರೆ ತಿಕ್ಕಿದ ಅಜ್ಜಿಯ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರದ ಮೇಲೆ ಹೆಬ್ಬೆರಳು, ತೋರುಬೆರಳು, ಮತ್ತೆ ಎಡಗೈಯ ಹೆಬ್ಬೆರಳು. ಪ್ರತಿ ಸಲವೂ ಕೆಂಪು ದೀಪ. ಅಂಗಡಿಯವರು ‘ಬೆರಳಚ್ಚು ಬರ್ತಿಲ್ಲ ಅಜ್ಜಿ, ನಾಳೆ ಬನ್ನಿ’ ಎನ್ನುತ್ತಾರೆ. ನಾಳೆಗೂ ಬೆರಳು ಅದೇ. ಯೋಜನೆ ನೂರರಲ್ಲಿ ತೊಂಬತ್ತೈದು ಮಂದಿಗೆ ತಲುಪಿದರೆ ವರದಿಯಲ್ಲಿ ಅದು ಯಶಸ್ಸು. ಉಳಿದ ಐವರು ಯಾರು, ಯಾವ ಮನೆಯವರು ಎಂಬುದು ಕೇರಿಯವರಿಗೆ ಮಾತ್ರ ಗೊತ್ತು.

ಓದಿದವರು ಪಕ್ಕದಲ್ಲಿದ್ದರೆ ಬದಲಾವಣೆ ಆಗುವುದು ಇಲ್ಲೇ. ಬೆರಳಚ್ಚು ಹೊಂದಿಕೆಯಾಗದ ಕಾರಣಕ್ಕೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಸೂಚನೆ ಕಳಿಸಿದೆ. ಆ ಸೂಚನೆಯ ಪ್ರತಿ ಹಿಡಿದು ಅಜ್ಜಿಯ ಜೊತೆ ಆಹಾರ ನಿರೀಕ್ಷಕರ ಮೇಜಿನ ಮುಂದೆ ಕೂರುವವರು ಒಬ್ಬರಿದ್ದರೆ ಸಾಕು, ಅಕ್ಕಿ ಸಿಗುವ ಸಾಧ್ಯತೆ ಹೆಚ್ಚು. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತವರ ಕಥೆಯೂ, ‘ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ’ (ಹಣ ಬರಲು ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆಯಾಗಿಲ್ಲ) ಎಂಬ ಉತ್ತರ ಕೇಳಿ ಬ್ಯಾಂಕಿನಿಂದ ನಾಡಕಚೇರಿಗೆ, ನಾಡಕಚೇರಿಯಿಂದ ಬ್ಯಾಂಕಿಗೆ ಅಲೆಯುವವರ ಕಥೆಯೂ ಇದೇ. ನಿಯಮ ಅವರ ಪರವಾಗಿಯೇ ಇರುತ್ತದೆ. ಅದನ್ನು ಓದಿ ಹೇಳಿ, ಜೊತೆಗೆ ನಡೆಯುವವರು ಇರುವುದಿಲ್ಲ.

ಕಸದ ಗಾಡಿಯ ಹಿಂದೆ ಜೇನ್ ಆಡಮ್ಸ್

ಈ ದಾರಿಯ ಹಳೆಯ ಹೆಜ್ಜೆಗಳು ಲಂಡನ್ ಮತ್ತು ಷಿಕಾಗೋದಲ್ಲಿವೆ. 1884ರಲ್ಲಿ ಸ್ಯಾಮುಯೆಲ್ ಮತ್ತು ಹೆನ್ರಿಯೆಟಾ ಬಾರ್ನೆಟ್ ದಂಪತಿ ಲಂಡನ್ನಿನ ಬಡವರ ವಠಾರವಾಗಿದ್ದ ವೈಟ್‌ಚಾಪಲ್‌ನಲ್ಲಿ ಟಾಯ್ನ್‌ಬೀ ಹಾಲ್ ತೆರೆದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಓದಿದವರು ಬಡವರ ನಡುವೆಯೇ ಬಂದು ವಾಸಿಸಬೇಕು ಎಂಬುದು ಅದರ ನಿಯಮ. ಅದನ್ನು ಕಂಡು ಬಂದ ಅಮೆರಿಕದ ಜೇನ್ ಆಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ 1889ರಲ್ಲಿ ಷಿಕಾಗೋದ ವಲಸಿಗರ ಬೀದಿಯಲ್ಲಿ ‘ಹಲ್ ಹೌಸ್’ ಆರಂಭಿಸಿದರು.

ಹಲ್ ಹೌಸ್ ಇದ್ದ ವಾರ್ಡಿನ ದೊಡ್ಡ ಪಿಡುಗು ಕಸವೇ. ಒಂದು ಬೇಸಿಗೆಯ ಎರಡು ತಿಂಗಳಲ್ಲಿ ಹಲ್ ಹೌಸಿನ ಮಹಿಳೆಯರು ಸಂದುಗೊಂದಿ ಸುತ್ತಿ, ಖಚಿತಪಡಿಸಿಕೊಂಡ 1,037 ದೂರುಗಳನ್ನು ಆರೋಗ್ಯ ಇಲಾಖೆಗೆ ಕಳಿಸಿದರು. ದೂರಿನಿಂದ ಹೆಚ್ಚೇನೂ ಆಗಲಿಲ್ಲ. 1895ರಲ್ಲಿ ಆಡಮ್ಸ್ ತಾವೇ ಹತ್ತೊಂಬತ್ತನೇ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಆದರು. ಸಂಬಳ ವರ್ಷಕ್ಕೆ 1,000 ಡಾಲರ್. ಬೆಳಿಗ್ಗೆ ಆರಕ್ಕೆ ಎದ್ದು ಕಸದ ಗಾಡಿಗಳು ಹೊರಡುವುದನ್ನು ನೋಡುವುದು, ಅವುಗಳ ಹಿಂದೆ ಹೋಗಿ ಕಸ ಕೊನೆಗೆ ಎಲ್ಲಿ ಬೀಳುತ್ತದೆಂದು ಪತ್ತೆ ಮಾಡುವುದು ಅವರ ದಿನಚರಿಯಾಯಿತು. ಒಂದು ಕಿರಿದಾದ ಬೀದಿಯಲ್ಲಿ ಹದಿನೆಂಟು ಇಂಚು ಕಸ ಕೆರೆದಾಗ ಕೆಳಗೆ ಕಲ್ಲು ಹಾಸಿದ ರಸ್ತೆ ಸಿಕ್ಕಿತು. ಅಲ್ಲಿ ಹಾಗೊಂದು ರಸ್ತೆಯಿದೆ ಎಂಬುದನ್ನೇ ಜನ ಮರೆತಿದ್ದರು. ನಗರದ ವಾರ್ಡುಗಳ ಮರಣ ಪ್ರಮಾಣದ ಪಟ್ಟಿಯಲ್ಲಿ ಮೂರನೆಯದಾಗಿದ್ದ ಆ ವಾರ್ಡ್ ಏಳನೇ ಸ್ಥಾನಕ್ಕೆ ಇಳಿಯಿತೆಂದು ಆಡಮ್ಸ್ ಬರೆದಿದ್ದಾರೆ. 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದವರು ಫ್ಲಾರೆನ್ಸ್ ಕೆಲಿ. ಕಾರ್ನೆಲ್‌ನಲ್ಲಿಯೂ ಜ್ಯೂರಿಕ್‌ನಲ್ಲಿಯೂ ಓದಿದವರು, ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಗತಿ ಕುರಿತ ಎಂಗೆಲ್ಸ್ ಕೃತಿಯನ್ನು ಇಂಗ್ಲಿಷಿಗೆ ತಂದವರು, ಬಾಲಕಾರ್ಮಿಕರ ಬಗ್ಗೆ ಬರೆದವರು. ಮೂವರು ಮಕ್ಕಳ ತಾಯಿಯಾಗಿದ್ದ ಅವರು 1891ರ ಕೊನೆಯಲ್ಲಿ ಹಲ್ ಹೌಸಿಗೆ ಬಂದು ನೆಲೆಸಿದರು. 1893ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ಕೊಳೆಗೇರಿ ಅಧ್ಯಯನಕ್ಕಾಗಿ ತಮ್ಮದೇ ಸುತ್ತಲ ಮನೆಗಳಿಗೆ ಹೋದರು. ಅದರ ಫಲವಾಗಿ 1895ರಲ್ಲಿ ಬಂದ ಪುಸ್ತಕದಲ್ಲಿ ಪ್ರತಿ ಮನೆಯ ವಾರದ ಆದಾಯವನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆಗಳಿವೆ. ವಾರಕ್ಕೆ ಐದು ಡಾಲರ್ ಮೀರದ ಮನೆಗಳಿಗೆ ಕಪ್ಪು ಬಣ್ಣ.

ಕೆಲಿ ನಕ್ಷೆ ಬಿಡಿಸಿ ಸುಮ್ಮನಾಗಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ ದುಡಿಮೆಯಿಂದ ಬಿಡಿಸುವ, ಹೆಂಗಸರ ದುಡಿಮೆಯನ್ನು ದಿನಕ್ಕೆ ಎಂಟು ಗಂಟೆಗೆ ಮಿತಿಗೊಳಿಸುವ ಕಾನೂನು 1893ರಲ್ಲಿ ಇಲಿನಾಯ್ ರಾಜ್ಯದಲ್ಲಿ ಬರುವಂತೆ ಮಾಡಿದರು. ಆ ಕಾನೂನಿನ ಮೊದಲ ಮುಖ್ಯ ಕಾರ್ಖಾನೆ ನಿರೀಕ್ಷಕಿ ಅವರೇ. ಸರ್ಕಾರಿ ವಕೀಲರು ಮೊಕದ್ದಮೆ ಹೂಡಲು ಮನಸ್ಸು ಮಾಡದಿದ್ದಾಗ ತಾವೇ ಕಾನೂನು ಓದಿ 1895ರಲ್ಲಿ ಪದವಿ ಪಡೆದರು. ಅದೇ ವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಎಂಟು ಗಂಟೆಯ ಮಿತಿಯನ್ನು ರದ್ದು ಮಾಡಿತು. ಅವರು ಹೋರಾಟ ಬಿಡಲಿಲ್ಲ.

ನಮ್ಮ ನೆಲದ ಉದಾಹರಣೆಗಳು

ವಿಶ್ವಬ್ಯಾಂಕಿನ ಸಲಹೆಗಾರರಾಗಿದ್ದ, ಅದಕ್ಕೂ ಮೊದಲು ಅಹಮದಾಬಾದ್ ಐಐಎಂನ ನಿರ್ದೇಶಕರಾಗಿದ್ದ ಸ್ಯಾಮುಯೆಲ್ ಪಾಲ್ ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ಮಾಡಿದ್ದು ಸರಳ ಕೆಲಸ. ನೀರು, ವಿದ್ಯುತ್, ಪಾಲಿಕೆ, ಆಸ್ಪತ್ರೆ, ಬಿಡಿಎ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸಿದರು. 1990ರ ದಶಕದ ಮೊದಲ ಭಾಗದ ಆ ‘ನಾಗರಿಕರ ಅಂಕಪಟ್ಟಿ’ಯಲ್ಲಿ ಬಹುತೇಕ ಎಲ್ಲ ಇಲಾಖೆಗಳೂ ನಪಾಸಾದವು. ಪತ್ರಿಕೆಗಳಲ್ಲಿ ಚರ್ಚೆಯಾಯಿತು, ಬಡಾವಣೆ ಸಂಘಗಳ ಕೈಗೆ ಮಾತಾಡಲು ಅಂಕಿ ಸಿಕ್ಕಿತು. ಒಮ್ಮೆ ಅಳೆದು ಬಿಡದೆ 1999ರಲ್ಲಿ ಮತ್ತು 2003ರಲ್ಲಿ ಮರಳಿ ಅಳೆದರು. 2003ರ ಹೊತ್ತಿಗೆ ಜನರ ಸಮಾಧಾನ ಗಮನಾರ್ಹವಾಗಿ ಏರಿತ್ತು. ಊರೊಂದರ ಬೆನ್ನಿಗೆ ಹತ್ತು ವರ್ಷ ನಿಂತರೆ ಸಂಶೋಧನೆಗೆ ಎಂಥ ಬಲ ಬರುತ್ತದೆಂಬುದಕ್ಕೆ ಇದು ಪುರಾವೆ.

ಅರುಣಾ ರಾಯ್ ಅವರದು ಇನ್ನೊಂದು ದಾರಿ. 1970ರ ದಶಕದಲ್ಲಿ ಐಎಎಸ್ ತೊರೆದು ರಾಜಸ್ಥಾನದ ತಿಲೋನಿಯಾಕ್ಕೆ, ಮುಂದೆ ದೇವಡುಂಗರಿ ಎಂಬ ಹಳ್ಳಿಯ ಮಣ್ಣಿನ ಮನೆಗೆ ಹೋದರು. 1990ರಲ್ಲಿ ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಹುಟ್ಟಿತು. 1994ರ ಕೊನೆಯಲ್ಲಿ ಆರಂಭವಾದ ‘ಜನಸುನವಾಯಿ’ ಎಂಬ ಬಹಿರಂಗ ವಿಚಾರಣೆಗಳಲ್ಲಿ ಸರ್ಕಾರಿ ಹಾಜರಿ ಪುಸ್ತಕಗಳನ್ನು ಊರಿನ ನಡುವೆ ಗಟ್ಟಿಯಾಗಿ ಓದಲಾಯಿತು. ಕೂಲಿಗೆ ಹೋಗದವರ, ಸತ್ತವರ ಹೆಸರುಗಳು ಪಟ್ಟಿಯಲ್ಲಿದ್ದವು. ಆ ಓದಿನಿಂದ ಬೆಳೆದ ಚಳವಳಿಯೇ 2005ರ ಮಾಹಿತಿ ಹಕ್ಕು ಕಾಯ್ದೆಗೆ ಬುನಾದಿ.

ಕರ್ನಾಟಕದಲ್ಲಿ ಡಾ. ಎಚ್. ಸುದರ್ಶನ್ ನೆಲದಿಂದ ನೀತಿಯ ಕಡೆಗೆ ನಡೆದರು. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ವೈದ್ಯರು, 1999ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾದರು. ಮೇಲಿನಿಂದ ಕೆಳಗೆ ಬಂದವರಿಗೂ ಕೆಳಗಿನಿಂದ ಮೇಲೆ ಹೋದವರಿಗೂ ಸಮಾನವಾದದ್ದು ಒಂದೇ: ಅವರು ಒಂದು ಜಾಗದಲ್ಲಿ ವರ್ಷಗಟ್ಟಲೆ ಉಳಿದರು.

ವಾರ್ಡ್ ಸಮಿತಿ: ಕಾನೂನು ಕೊಟ್ಟ ಜಾಗ

ನೆರೆಹೊರೆಯ ಕೆಲಸಕ್ಕೆ ನಮ್ಮ ಸಂವಿಧಾನವೇ ಒಂದು ವೇದಿಕೆ ಕೊಟ್ಟಿದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿಯ ಪ್ರಕಾರ ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು. ಕರ್ನಾಟಕದ ಮಹಾನಗರ ಪಾಲಿಕೆಗಳಿಗಾಗಿ 2016ರಲ್ಲಿ ನಿಯಮಗಳು ಬಂದವು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿವಾಸಿಗಳ ಸಂಘದವರಿಗೆ ಅವುಗಳಲ್ಲಿ ಸ್ಥಾನ ಮೀಸಲಿದೆ. ಕಸ, ಚರಂಡಿ, ಬೀದಿದೀಪ, ಪಾರ್ಕ್, ವಾರ್ಡಿನ ಅಭಿವೃದ್ಧಿ ಯೋಜನೆ ಚರ್ಚೆಯಾಗಬೇಕಾದ್ದು ಇಲ್ಲಿ.

ಕಾಗದದಲ್ಲಿರುವುದಕ್ಕೂ ಕುರ್ಚಿಗಳು ತುಂಬುವುದಕ್ಕೂ ಅಂತರ ದೊಡ್ಡದು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಒಂದರ ಬದಲು ಐದು ಪಾಲಿಕೆಗಳು ಬಂದವು, ವಾರ್ಡುಗಳ ಗಡಿಯೂ ಬದಲಾಯಿತು. ಕಾರ್ಪೊರೇಟರ್ ಇಲ್ಲದ ಕಾಲದಲ್ಲಿ ಯಾವ ಎಂಜಿನಿಯರ್ ಯಾವ ರಸ್ತೆಗೆ ಹೊಣೆ ಎಂದು ತಿಳಿದಿಟ್ಟುಕೊಂಡ ನಾಲ್ಕು ಜನ ಬಡಾವಣೆಯಲ್ಲಿದ್ದರೆ ಅದೇ ದೊಡ್ಡ ಆಸ್ತಿ.

ಓದು ಕೆಲಸಕ್ಕೆ ಬರುವುದು ಹೀಗೆ

ರಸ್ತೆಯ ಕಾಮಗಾರಿಯೊಂದನ್ನು ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಪಾಲಿಕೆಯ ಪ್ರತಿ ಕಾಮಗಾರಿಗೂ ಒಂದು ಜಾಬ್ ಕೋಡ್ ಇರುತ್ತದೆ. ಅದರ ಹಿಂದೆ ಅಂದಾಜುಪಟ್ಟಿ, ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್. ಈ ಐದು ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ನೂರೈವತ್ತು ಮೀಟರ್ ಚರಂಡಿಗೆ ಬಿಲ್ ಆಗಿ ತೊಂಬತ್ತು ಮೀಟರ್ ಮಾತ್ರ ಕಟ್ಟಿರುವಂಥ ಸಂಗತಿ ಹೊರಬೀಳುತ್ತದೆ. ಬಜೆಟ್ ವಿಶ್ಲೇಷಣೆ ಮಾಡಿದವರಿಗೆ ಇದು ಸುಲಭದ ಓದು. ಟೇಪ್ ಹಿಡಿದು ಚರಂಡಿ ಅಳೆಯಲು ಅಕ್ಕಪಕ್ಕದ ಮನೆಯವರೇ ಸಾಕು.

ಕಾಗದ ಪಡೆಯುವ ದಾರಿ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಏನು ಕೇಳಬೇಕೆಂದು ಖಚಿತವಾಗಿ ಗೊತ್ತಿರುವವರಿಗೆ 150 ಪದ ಧಾರಾಳ. ಅರ್ಜಿ ಬರೆಯುವುದನ್ನು ಓಣಿಯ ಇಬ್ಬರು ಹುಡುಗಿಯರಿಗೆ ಕಲಿಸಿದರೆ ಆ ವಿದ್ಯೆ ಅಲ್ಲೇ ಉಳಿಯುತ್ತದೆ.

ಕಾನೂನಿನ ತಿಳಿವಳಿಕೆ ಅನ್ಯಾಯವನ್ನು ತಡೆಯುವುದಕ್ಕೂ ಬೇಕು. ಬಡಾವಣೆಯ ಸಭೆಗಳಲ್ಲಿ ಪದೇಪದೇ ಬರುವ ಬೇಡಿಕೆ ‘ತಳ್ಳುಗಾಡಿಯವರನ್ನು ಎತ್ತಂಗಡಿ ಮಾಡಿ’. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಅವರನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳದೇ ಪ್ರತಿನಿಧಿಗಳಿರಬೇಕು. ಸೊಪ್ಪು ಮಾರುವ ಹೆಂಗಸಿನ ಪರವಾಗಿ ಈ ಮಾತನ್ನು ಅದೇ ಸಭೆಯಲ್ಲಿ ಎದ್ದುನಿಂತು ಹೇಳಲು ಕಾಯ್ದೆಯ ಜ್ಞಾನವೂ ಬೇಕು, ಸ್ವಲ್ಪ ಧೈರ್ಯವೂ ಬೇಕು.

ಹೊಸದಾಗಿ ಕಲಿಯಬೇಕಾದದ್ದು

ಬಂದವರು ಕಲಿಯಬೇಕಾದದ್ದು ಬಹಳ. ಮೊದಲನೆಯದು ಮಾತಿನ ರೀತಿ. ಸಭೆಯಲ್ಲಿ ಸ್ಲೈಡ್ ತೋರಿಸಿ ಶಿಫಾರಸು ಓದುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಪೌರಕಾರ್ಮಿಕರಿಗೆ ಎಷ್ಟು ಮನೆ ಪಾಲಿಗೆ ಬಂದಿದೆ, ಆಟೊ ಕೆಟ್ಟರೆ ಬದಲಿ ಗಾಡಿ ಯಾರು ಕಳಿಸುತ್ತಾರೆ, ನೀರುಗಂಟಿ ಯಾವ ಹೊತ್ತಿಗೆ ವಾಲ್ವ್ ತಿರುಗಿಸುತ್ತಾರೆ ಎಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕು. ಆ ವಾರ್ಡಿನ ಮಟ್ಟಿಗೆ ನಿಜವಾದ ತಜ್ಞರು ಅವರು.

ಎರಡನೆಯದು ವೇಗ. ವರದಿಗೆ ಗಡುವಿದೆ, ನೆರೆಹೊರೆಗಿಲ್ಲ. ಈ ತಿಂಗಳು ಸ್ವಚ್ಛವಾದ ತಿರುವಿಗೆ ರಂಗೋಲಿ ಹಾಕಿ ಹೂಕುಂಡ ಇಟ್ಟರೂ ಮುಂದಿನ ತಿಂಗಳು ಮತ್ತೆ ಚೀಲ ಬೀಳಬಹುದು. ಮತ್ತೆ ಹೋಗಬೇಕು. ಬೇಸರವಿಲ್ಲದೆ ಅದೇ ಎಂಜಿನಿಯರ್‌ಗೆ ಅದೇ ಫೋನ್ ಮಾಡಬೇಕು.

ಮೂರನೆಯದು ಹೊಟ್ಟೆಪಾಡು. ಪೂರ್ಣಾವಧಿಗೆ ಇಳಿದವರ ವರಮಾನ ಗಣನೀಯವಾಗಿ ತಗ್ಗುತ್ತದೆ. ಮನೆಯ ಸಾಲ, ಮಕ್ಕಳ ಫೀಸು ಇರುವವರು ಒಂದೇ ದಿನ ರಾಜೀನಾಮೆ ಕೊಡುವುದು ವಿವೇಕವಲ್ಲ. ವಾರಕ್ಕೊಂದು ದಿನ ವಾರ್ಡಿಗೆ ಮೀಸಲಿಟ್ಟವರೂ, ಅರ್ಧ ಕೆಲಸ ಅರ್ಧ ಸೇವೆ ಎಂದು ಹೊಂದಿಸಿಕೊಂಡವರೂ, ನಿವೃತ್ತಿಯ ನಂತರ ಪೂರ್ತಿ ತೊಡಗಿದವರೂ ಇದ್ದಾರೆ. ಯಾವುದೂ ಕಡಿಮೆಯಲ್ಲ. ಒಂದು ವರ್ಷ ಎಲ್ಲವನ್ನೂ ಬಿಟ್ಟು ಬಂದು ಬಳಲಿ ಹೋಗುವವರಿಗಿಂತ ಹತ್ತು ವರ್ಷ ವಾರಕ್ಕೆ ನಾಲ್ಕು ಗಂಟೆ ಕೊಡುವವರು ಊರಿಗೆ ಹೆಚ್ಚು ಬೇಕು.

ಯಾರ ನೆರೆಹೊರೆ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿದ್ಯಾವಂತರು ಸೇವೆಗೆ ಇಳಿದಾಗ ಬಡಾವಣೆಯ ಪಾರ್ಕಿಗೆ ಬೇಲಿ, ರಸ್ತೆಗೆ ಗೇಟು, ಬಾಡಿಗೆದಾರರಿಗೆ ಕಟ್ಟಳೆ ಎಂಬಲ್ಲಿಗೇ ಕೆಲಸ ನಿಂತುಬಿಡುವ ಅಪಾಯವಿದೆ. ಸೈಟು ಮಾಲೀಕರ ಸಂಘ ಇಡೀ ವಾರ್ಡಿನ ದನಿಯಲ್ಲ. ಅದೇ ವಾರ್ಡಿನಲ್ಲಿ ರಾಜಕಾಲುವೆಯ ಪಕ್ಕದ ಶೀಟಿನ ಮನೆಗಳಿವೆ, ಕಟ್ಟಡ ಕಾರ್ಮಿಕರ ಶೆಡ್ಡುಗಳಿವೆ, ಕಲಬುರಗಿ, ರಾಯಚೂರುಗಳಿಂದ ದುಡಿಯಲು ಬಂದ ಕುಟುಂಬಗಳಿವೆ. ಅಧಿಕಾರಿಯ ಮುಂದೆ ಇಂಗ್ಲಿಷಿನಲ್ಲಿ ಮಾತಾಡಬಲ್ಲವರ ದೂರು ಮೊದಲು ಬಗೆಹರಿಯುತ್ತದೆ. ಅಂಗನವಾಡಿಗೆ ನೀರಿಲ್ಲ ಎಂಬ ಸ್ತ್ರೀಶಕ್ತಿ ಸಂಘದ ಅರ್ಜಿ ಫೈಲಿನಡಿ ಉಳಿಯುತ್ತದೆ.

ನೀತಿ ಕ್ಷೇತ್ರದಿಂದ ಬಂದವರಿಗೆ ಈ ಅಸಮಾನತೆ ಪುಸ್ತಕದಿಂದ ಗೊತ್ತಿದೆ. ಅದನ್ನು ಮರೆತರೆ ಅವರ ಬರುವಿಕೆಯಿಂದ ಇದ್ದವರಿಗೇ ಇನ್ನಷ್ಟು ಸಿಕ್ಕೀತು. ಸಭೆ ಎಲ್ಲಿ ನಡೆಯುತ್ತದೆ, ಎಷ್ಟು ಹೊತ್ತಿಗೆ ನಡೆಯುತ್ತದೆ, ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದರಿಂದಲೇ ನ್ಯಾಯ ಶುರುವಾಗುತ್ತದೆ. ಸಂಜೆ ಏಳಕ್ಕೆ, ಕೇರಿಯ ಶಾಲೆಯ ಅಂಗಳದಲ್ಲಿ, ಕನ್ನಡದಲ್ಲಿ ಸೇರುವ ಸಭೆಗೆ ಬರುವವರೇ ಬೇರೆ, ಅಲ್ಲಿ ಎದ್ದೇಳುವ ಪ್ರಶ್ನೆಗಳೇ ಬೇರೆ.

ನೀತಿಗೂ ಲಾಭ

ನೆರೆಹೊರೆಗೆ ಬಂದವರು ನೀತಿ ಲೋಕದಿಂದ ಕಳೆದುಹೋದರೆಂದು ಭಾವಿಸಬೇಕಿಲ್ಲ. 1903ರಲ್ಲಿ ಟಾಯ್ನ್‌ಬೀ ಹಾಲ್ ಸೇರಿ ಲಂಡನ್ನಿನ ನಿರುದ್ಯೋಗವನ್ನು ಹತ್ತಿರದಿಂದ ಕಂಡ ವಿಲಿಯಂ ಬೆವರಿಜ್, 1942ರಲ್ಲಿ ಬರೆದ ವರದಿ ಬ್ರಿಟನ್ನಿನ ಸಾಮಾಜಿಕ ಭದ್ರತೆಗೆ ಅಡಿಪಾಯವಾಯಿತು. ಅದನ್ನು ಜಾರಿಗೆ ತಂದ ಪ್ರಧಾನಿ ಕ್ಲೆಮೆಂಟ್ ಆಟ್ಲೀ ಕೂಡ ಯೌವನದಲ್ಲಿ ಈಸ್ಟ್ ಎಂಡ್‌ನ ಬಡ ಹುಡುಗರ ಕ್ಲಬ್ ನಡೆಸಿದವರೇ.

ನಮ್ಮ ಸಂಶೋಧನಾ ಸಂಸ್ಥೆಗಳು ಇದರಿಂದ ಕಲಿಯಬೇಕು. ಪ್ರತಿ ಸಂಶೋಧಕರಿಗೂ ವಾರಕ್ಕೊಂದು ದಿನ ಒಂದೇ ವಾರ್ಡಿನಲ್ಲಿ ದುಡಿಯಲು ಬಿಡುವು ಕೊಡಬೇಕು, ಅದನ್ನು ವೃತ್ತಿಯ ಭಾಗವೆಂದೇ ಲೆಕ್ಕ ಹಾಕಬೇಕು. ಬರೆದ ವರದಿಯ ಕನ್ನಡ ಸಾರಾಂಶವನ್ನು ಯಾರ ಬಗ್ಗೆ ಬರೆದರೋ ಅವರ ಮುಂದೆ ಓದಿಹೇಳಬೇಕು. ಸರ್ಕಾರ ವಾರ್ಡ್ ಸಮಿತಿಗಳನ್ನು ತಪ್ಪದೆ ರಚಿಸಿ, ತಿಂಗಳ ಸಭೆಯ ನಡಾವಳಿಯನ್ನು ಪ್ರಕಟಿಸಬೇಕು. ಇವ್ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ.

ನಮ್ಮ ನಗರಗಳಿಗೆ ಏನು ಮಾಡಬೇಕೆಂಬ ತಿಳಿವಳಿಕೆಯ ಬರ ಅಷ್ಟಾಗಿ ಇಲ್ಲ, ತಿಳಿದದ್ದನ್ನು ಕೊನೆ ಮುಟ್ಟಿಸುವವರ ಬರವಿದೆ. ಆದ್ದರಿಂದ ಮೇಜು ಬಿಟ್ಟು ಓಣಿಗೆ ಬರುವುದು ಹಿಂಬಡ್ತಿಯಲ್ಲ, ಆ ವೃತ್ತಿಯ ಅತಿ ಕಷ್ಟದ ಭಾಗಕ್ಕೆ ಕೈಹಾಕುವುದು. ಓದುಗರಲ್ಲಿ ಒಂದು ಕೋರಿಕೆ: ಈ ವಾರ ನಿಮ್ಮ ವಾರ್ಡ್ ಕಚೇರಿ ಎಲ್ಲಿದೆ ಎಂದು ತಿಳಿದುಕೊಳ್ಳಿ. ಕಳೆದ ವರ್ಷ ನಿಮ್ಮ ರಸ್ತೆಗೆ ಮಂಜೂರಾದ ಕಾಮಗಾರಿಗಳ ಪಟ್ಟಿ ಕೇಳಿ. ಅದನ್ನು ಓದಬಲ್ಲವರು ನೀವೇ ಆಗಿದ್ದರೆ ಪಕ್ಕದ ಕೇರಿಯವರನ್ನೂ ಕರೆದು, ಎಲ್ಲರೂ ಒಟ್ಟಿಗೆ ಕೂತು ಓದಿ.